ಸೀಮಂತಕ್ಕೆ ಹದಿನೈದು ದಿನ ಇದೆ, ಶುಗರ್ ಬಂದಿದೆ ಅಂತ ಅತ್ತೆಗೆ ಹೇಗೆ ಹೇಳಲಿ?

ಪ್ರಶ್ನೆ ಕೇಳಿದವರು: ತೆಂಗಿನಗರಿ

ನಮಸ್ಕಾರ ಅಕ್ಕಂದಿರೇ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ.

ನನಗೆ 29 ವರ್ಷ. ಮೊದಲ ಬಸಿರು, ಈಗ 28ನೇ ವಾರ. ತಿಪಟೂರು ಹತ್ತಿರದ ಹಳ್ಳಿಯಲ್ಲಿ ಅತ್ತೆ ಮಾವನ ಜೊತೆ ಇದ್ದೇನೆ. ನಮ್ಮ ಮನೆಯವರಿಗೆ ಬೆಂಗಳೂರಲ್ಲಿ ಕೆಲಸ. ಶನಿವಾರ ರಾತ್ರಿ ಬಂದು ಸೋಮವಾರ ಬೆಳಗಿನ ಜಾವ ಹೋಗುತ್ತಾರೆ. ನಾನು ಒಂದು ಚಿಕ್ಕ ಶಾಲೆಯಲ್ಲಿ ಎರಡನೇ ಕ್ಲಾಸಿಗೆ ಪಾಠ ಮಾಡುತ್ತೇನೆ.

ಹದಿನಾರು ದಿನದ ಹಿಂದೆ ಚೆಕಪ್‌ಗೆ ಹೋದಾಗ ಗ್ಲೂಕೋಸ್ ನೀರು ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ತೆಗೆದರು. 168 ಬಂತು. ಮೂರನೇ ತಿಂಗಳಲ್ಲಿ ಇದೇ ಪರೀಕ್ಷೆ ಮಾಡಿದಾಗ 118 ಇತ್ತು. ಡಾಕ್ಟರ್ ಚೀಟಿ ನೋಡಿ, "ಶುಗರ್ ಬಂದಿದೆ. ಸಿಹಿ ಬಿಡಿ, ಅನ್ನ ಕಡಿಮೆ ಮಾಡಿ, ವಾಕಿಂಗ್ ಮಾಡಿ. ಇಳಿಯದಿದ್ದರೆ ಇನ್ಸುಲಿನ್" ಅಂದರು. ಊಟ ಆಗಿ ಎರಡು ಗಂಟೆಗೆ 120ರ ಒಳಗೆ ಇರಬೇಕು ಅಂತ ಚೀಟಿ ಹಿಂದೆ ಬರೆದುಕೊಟ್ಟರು. ಅಷ್ಟೇ. ಹೊರಗೆ ತುಂಬಾ ಜನ ಕಾಯುತ್ತಿದ್ದರು, ನನಗೆ ಏನೂ ಕೇಳಲು ಬಾಯಿ ಬರಲಿಲ್ಲ. ಬಸ್ ಸ್ಟ್ಯಾಂಡಿಗೆ ಬಂದು ಕೂತೆ. ನಮ್ಮೂರಿನ ಬಸ್ ಎರಡು ಸಲ ಬಂದು ಹೋಯಿತು, ನಾನು ಏಳಲಿಲ್ಲ.

ಆವತ್ತಿನಿಂದ ತಲೆಯಲ್ಲಿ ಒಂದೇ ಲೆಕ್ಕ. ಏನು ತಿಂದೆ? ಬಯಕೆ ಅಂತ ಮಾವಿನ ಹಣ್ಣು ತಿಂದೆ. ಹಲಸಿನ ತೊಳೆ ತಿಂದೆ. ಅತ್ತೆ ದಿನಾ ರಾತ್ರಿ ಕೊಬ್ಬರಿ ಬೆಲ್ಲದ ಉಂಡೆ, ಒಂದು ಲೋಟ ಸಕ್ಕರೆ ಹಾಲು ಕೊಡುತ್ತಾರೆ, ಅದೂ ತಿಂದೆ. ನನ್ನ ನಾಲಿಗೆ ಚಪಲಕ್ಕೆ ಮಗುವಿಗೆ ಕಾಯಿಲೆ ಅಂಟಿಸಿಬಿಟ್ಟೆನಾ ಅಂತ ರಾತ್ರಿ ನಿದ್ದೆ ಬರುವುದಿಲ್ಲ. ಮಗು ಒದ್ದಾಗ ಖುಷಿ ಆಗಬೇಕಲ್ವಾ? ನನಗೆ ಕ್ಷಮೆ ಕೇಳಬೇಕು ಅನಿಸುತ್ತದೆ.

ಮನೆಯಲ್ಲಿ ಹೇಳಿಲ್ಲ. ಯಜಮಾನರಿಗೆ ಮಾತ್ರ ಗೊತ್ತು. ಯಾಕೆ ಹೇಳಿಲ್ಲ ಅಂದರೆ, ನಮ್ಮ ಅಪ್ಪನಿಗೆ ಹನ್ನೊಂದು ವರ್ಷದಿಂದ ಶುಗರ್ ಇದೆ. ಮದುವೆ ಮಾತುಕತೆಯಲ್ಲಿ ಯಾರೂ ಕೇಳಲಿಲ್ಲ, ನಾವೂ ಹೇಳಲಿಲ್ಲ. ಮುಚ್ಚಿಟ್ಟಿದ್ದಲ್ಲ, ಆ ಮಾತೇ ಬರಲಿಲ್ಲ. ಈಗ "ತವರಿನಿಂದ ತಂದ ಕಾಯಿಲೆ" ಅಂತ ಯಾರಾದರೂ ಅಂದರೆ ಅಪ್ಪ ತಡೆದುಕೊಳ್ಳುವುದಿಲ್ಲ. ನಮ್ಮ ಯಜಮಾನರ ಸೋದರತ್ತೆ ಒಬ್ಬರಿದ್ದಾರೆ. ಬೇರೆ ಯಾರದೋ ಸಂಬಂಧ ನೋಡುವಾಗ "ಸಕ್ಕರೆ ಕಾಯಿಲೆ ಇರೋ ಮನೆ ಬೇಡ" ಅಂದಿದ್ದನ್ನು ನಾನೇ ಕೇಳಿದ್ದೇನೆ.

ಹಾಗಾಗಿ ಗ್ಲೂಕೋಮೀಟರ್ ಮಕ್ಕಳ ನೋಟ್‌ಬುಕ್ ತರುವ ಚೀಲದಲ್ಲಿ ಇರುತ್ತದೆ. ಶಾಲೆಯಲ್ಲಿ ಊಟ ಆದ ಮೇಲೆ ಬೆರಳು ಚುಚ್ಚಿ ನೋಡುತ್ತೇನೆ. ರಾತ್ರಿ ಉಂಡೆಯನ್ನು ಅರ್ಧ ಕಚ್ಚಿ, ಉಳಿದದ್ದನ್ನು ಕಾಗದದಲ್ಲಿ ಸುತ್ತಿಕೊಂಡು ಕೊಟ್ಟಿಗೆಗೆ ಹೋಗಿ ಹಸುವಿಗೆ ಕೊಡುತ್ತೇನೆ. ಅತ್ತೆ ಕೈಯಾರೆ ಕೊಬ್ಬರಿ ತುರಿದು ಮಾಡಿದ್ದು. ಕೊಡುವಾಗ ಅಳು ಬರುತ್ತದೆ.

ಇನ್ನೊಂದು ಅರ್ಥ ಆಗುತ್ತಿಲ್ಲ. ರಾಗಿ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ. ಭಾನುವಾರ ಎರಡು ಮುದ್ದೆ ಉಂಡು ನೋಡಿದರೆ 134. ಹೆದರಿ ಮಾರನೇ ದಿನ ಮಧ್ಯಾಹ್ನ ಬರೀ ಎರಡು ಸೌತೆಕಾಯಿ, ಮಜ್ಜಿಗೆ. ಆಗ 98 ಬಂತು, ಅಷ್ಟು ಖುಷಿ ಆಯಿತು. ಈಗ ವಾರದಿಂದ ಹೆಚ್ಚುಕಡಿಮೆ ಹೀಗೇ ಮಾಡುತ್ತಿದ್ದೇನೆ. ತೂಕ ಒಂದು ಕೆಜಿ ಇಳಿದಿದೆ.

ಹದಿನೈದು ದಿನಕ್ಕೆ ಸೀಮಂತ. ತವರಿನಿಂದ ಐದು ಬಗೆಯ ಸಿಹಿ ಬರುತ್ತದೆ, ಒಬ್ಬಟ್ಟು ಇರುತ್ತದೆ, ಎಲ್ಲರೂ ಒಂದೊಂದು ತುತ್ತು ಬಾಯಿಗೆ ಇಡುತ್ತಾರೆ. ಬೇಡ ಅಂತ ಹೇಗೆ ಹೇಳಲಿ? ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿತ್ತಾ? ಆ ಮೂರು ತಿಂಗಳು ಹೇಗೆ ಕಳೆದಿರಿ?

ಉತ್ತರ 1: ಹಾವೇರಿ ಅಕ್ಕ

ತಂಗಿ, ನಿನ್ನ ಬರಹ ಓದಿ ನನ್ನ ಎರಡನೇ ಬಸಿರು ಕಣ್ಣ ಮುಂದೆ ಬಂತು. ನನಗೆ 25ನೇ ವಾರಕ್ಕೆ ಗೊತ್ತಾಯಿತು. ಮೊದಲು ಊಟ ಬದಲಾಯಿಸಿದೆ. ಊಟ ಆದ ಮೇಲಿನ ಶುಗರ್ ಇಳಿಯಿತು. ಬೆಳಗ್ಗೆ ಖಾಲಿ ಹೊಟ್ಟೆಯದು ಮಾತ್ರ 95ರ ಒಳಗೆ ಬರಲೇ ಇಲ್ಲ. 102, 106, ಹೀಗೆ. ರಾತ್ರಿ ಊಟ ಇನ್ನೂ ಕಡಿಮೆ ಮಾಡಿದೆ, ಆದರೂ ಅಷ್ಟೇ. ಆಮೇಲೆ ಡಾಕ್ಟರ್ ಹೇಳಿದರು, ನಾವು ಮಲಗಿದಾಗ ಲಿವರ್ ತಾನೇ ಸಕ್ಕರೆ ಬಿಡುತ್ತದೆ, ಅದಕ್ಕೆ ನೀವು ಉಪವಾಸ ಇದ್ದರೆ ಪ್ರಯೋಜನ ಇಲ್ಲ ಅಂತ. ಆ ಮಾತು ಮೊದಲೇ ಯಾರಾದರೂ ಹೇಳಿದ್ದರೆ ಒಂದು ತಿಂಗಳು ನನ್ನನ್ನು ನಾನೇ ಬೈದುಕೊಳ್ಳುವುದು ತಪ್ಪುತ್ತಿತ್ತು.

ರಾತ್ರಿ ಮಲಗುವಾಗ ಇನ್ಸುಲಿನ್ ಶುರು ಮಾಡಿದರು. ಆರು ಯೂನಿಟ್‌ನಿಂದ ಶುರು, ಕೊನೆಗೆ ಹದಿನಾಲ್ಕಕ್ಕೆ ಬಂತು. ಮನೆಯಲ್ಲಿ ಎಲ್ಲರೂ ಹೆದರಿಸಿದರು. ಒಮ್ಮೆ ಸೂಜಿ ಹಿಡಿದರೆ ಸಾಯೋತನಕ ಬಿಡಲ್ಲ ಅಂದರು. ನನಗೆ ಹೆರಿಗೆ ಆದ ದಿನವೇ ನಿಂತಿತು. ಮಗ 3 ಕೆಜಿ 100 ಗ್ರಾಂ ಇದ್ದ. ಈಗ ಒಂದನೇ ಕ್ಲಾಸ್.

ಸೂಜಿಯ ಬಗ್ಗೆ ಒಂದು ಮಾತು, ಇದನ್ನು ನೆನಪಿಡು. ನಮ್ಮಲ್ಲಿ ಇನ್ಸುಲಿನ್ ಸೀಸೆ ಎರಡು ಬಗೆ ಸಿಗುತ್ತದೆ. ಒಂದು ಎಂಎಲ್‌ಗೆ 40 ಯೂನಿಟ್ ಅಂತ ಬರೆದಿದ್ದರೆ ಕೆಂಪು ಮುಚ್ಚಳದ ಸಿರಿಂಜ್. 100 ಅಂತ ಇದ್ದರೆ ಕಿತ್ತಳೆ ಬಣ್ಣದ್ದು. ಒಂದಕ್ಕೆ ಇನ್ನೊಂದು ಬಳಸಿದರೆ ಡೋಸ್ ತಪ್ಪುತ್ತದೆ. ಮೆಡಿಕಲ್ ಸ್ಟೋರ್‌ನಲ್ಲಿ ಒಮ್ಮೆ ನನಗೆ ಅದಲು ಬದಲು ಕೊಟ್ಟಿದ್ದರು, ಸೀಸೆ ಮೇಲೆ ಓದಿದ್ದರಿಂದ ತಪ್ಪಿತು. ನಮ್ಮ ಮನೆಯಲ್ಲಿ ಆಗ ಫ್ರಿಜ್ ಇರಲಿಲ್ಲ. ಮಣ್ಣಿನ ಗಡಿಗೆಗೆ ನೀರು ತುಂಬಿ, ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಇಟ್ಟಿದ್ದೆ. ಏಪ್ರಿಲ್ ತಿಂಗಳ ಬಿಸಿಲಲ್ಲೂ ತಣ್ಣಗಿತ್ತು. ಫ್ರಿಜ್ ಇದ್ದರೆ ಬಾಗಿಲಲ್ಲಿ ಇಡು, ಐಸ್ ಆಗುವ ಕಡೆ ಬೇಡ.

ಊಟಕ್ಕೆ ನಾನು ಮಾಡಿದ್ದು ಒಂದೇ ಕೆಲಸ. ಒಂದು ನೂರು ಪುಟದ ನೋಟ್‌ಬುಕ್. ಎಡಗಡೆ ಏನು ಉಂಡೆ ಅಂತ, ಬಲಗಡೆ ಎಷ್ಟು ಬಂತು ಅಂತ. ಎರಡು ಜೋಳದ ರೊಟ್ಟಿ, ಮೆಂತ್ಯ ಸೊಪ್ಪಿನ ಪಲ್ಯ, ಹೆಸರುಕಾಳು ಉಂಡರೆ 112. ಅದೇ ಎರಡು ರೊಟ್ಟಿ ಆದ ಮೇಲೆ ಒಂದು ಬಟ್ಟಲು ಅನ್ನ ಸಾರು ಸೇರಿಸಿದರೆ 141. ಎರಡು ವಾರಕ್ಕೆ ನನ್ನ ಮೈ ನನಗೆ ಅರ್ಥ ಆಯಿತು. ನಿನ್ನ ಮೈ ಬೇರೆ, ನಿನ್ನ ಲೆಕ್ಕ ನೀನೇ ಬರೆಯಬೇಕು. ಊಟ ಆಗಿ ಹತ್ತು ಹದಿನೈದು ನಿಮಿಷ ಅಂಗಳದಲ್ಲಿ ಅಡ್ಡಾಡು. ನನಗೆ ಅದರಿಂದ ಬಹಳ ಇಳಿಯುತ್ತಿತ್ತು.

ಉತ್ತರ 2: ಪಿಎಚ್‌ಸಿ ಸಿಸ್ಟರ್

ನಾನು ಕೊಳ್ಳೇಗಾಲದ ಕಡೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸ್ಟಾಫ್ ನರ್ಸ್. ಹದಿಮೂರು ವರ್ಷ ಆಯಿತು. ಮೊದಲು ಆ ಸೌತೆಕಾಯಿ ಊಟ ನಿಲ್ಲಿಸಿ, ದಯವಿಟ್ಟು. 98 ಬಂತು ಅಂತ ಖುಷಿಪಡುವ ವಿಷಯ ಅಲ್ಲ ಅದು. ಹೊಟ್ಟೆಗೆ ಇಲ್ಲದಿದ್ದರೆ ಮೈಯಲ್ಲಿರುವ ಕೊಬ್ಬು ಕರಗಿ ಕೀಟೋನ್ ಜಾಸ್ತಿ ಆಗುತ್ತದೆ, ಮಗು ಬೆಳೆಯುವ ಹೊತ್ತಲ್ಲಿ ಅದು ಒಳ್ಳೆಯದಲ್ಲ. ಏಳನೇ ತಿಂಗಳಲ್ಲಿ ತೂಕ ಇಳಿಯಬಾರದು. ಮುಂದಿನ ಚೆಕಪ್ ತನಕ ಕಾಯಬೇಡಿ, ಈ ವಾರವೇ ಹೋಗಿ ತೂಕ ಇಳಿದದ್ದನ್ನು ಹೇಳಿ.

ಈಗ ನಿಮ್ಮ ದೊಡ್ಡ ಪ್ರಶ್ನೆ, ನಾನು ತಿಂದು ತರಿಸಿಕೊಂಡೆನಾ ಅನ್ನುವುದು. ಹೊಟ್ಟೆಯಲ್ಲಿ ಮಗುವಿನ ಜೊತೆ ಮಾಸು ಬೆಳೆಯುತ್ತದಲ್ಲ, ಅದರಿಂದ ಬರುವ ಹಾರ್ಮೋನುಗಳು ತಾಯಿಯ ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಮಗುವಿಗೆ ಸಾಕಷ್ಟು ಸಕ್ಕರೆ ಸಿಗಲಿ ಅಂತ ಮೈ ಮಾಡಿಕೊಂಡ ಏರ್ಪಾಡು ಅದು. ಪ್ರತಿ ಬಸುರಿಗೂ ಹೀಗೇ ಆಗುತ್ತದೆ. ಹೆಚ್ಚಿನವರಲ್ಲಿ ಮೇದೋಜೀರಕ ಗ್ರಂಥಿ ಇನ್ನಷ್ಟು ಇನ್ಸುಲಿನ್ ಮಾಡಿ ಸರಿದೂಗಿಸುತ್ತದೆ. ಕೆಲವರಲ್ಲಿ ಆಗುವುದಿಲ್ಲ. ಅಪ್ಪ ಅಮ್ಮನಿಗೆ ಶುಗರ್ ಇದ್ದರೆ, ವಯಸ್ಸು, ತೂಕ ಜಾಸ್ತಿ ಇದ್ದರೆ, ಪಿಸಿಒಡಿ (ಹಾರ್ಮೋನ್ ಏರುಪೇರಾಗಿ ಮುಟ್ಟು ಸರಿಯಾಗಿ ಆಗದ ಅಂಡಾಶಯದ ತೊಂದರೆ) ಇದ್ದರೆ ಆಗುವ ಸಾಧ್ಯತೆ ಹೆಚ್ಚು. ಇವು ಯಾವುವೂ ಇಲ್ಲದ, ಕಡ್ಡಿ ಹಾಗಿರುವ ಹುಡುಗಿಯರಲ್ಲೂ ನೋಡಿದ್ದೇನೆ. ಮೂರನೇ ತಿಂಗಳಲ್ಲಿ 118 ಇದ್ದದ್ದು ಈಗ 168 ಆಗಿದ್ದು ಮಾಸು ದೊಡ್ಡದಾದ ಹಾಗೆ ಅದರ ಜೋರೂ ಹೆಚ್ಚಿದ್ದರಿಂದ. ಮಾವಿನ ಹಣ್ಣಿನಿಂದ ಅಲ್ಲ. ಹಾಗಂತ ಈಗ ಮಾವಿನ ಹಣ್ಣು ತಿನ್ನಿ ಅಂತಲೂ ಹೇಳುತ್ತಿಲ್ಲ.

ತಾಯಿಯ ರಕ್ತದ ಸಕ್ಕರೆ ಮಾಸು ದಾಟಿ ಮಗುವಿಗೆ ಹೋಗುತ್ತದೆ. ಇನ್ಸುಲಿನ್ ದಾಟುವುದಿಲ್ಲ. ಹಾಗಾಗಿ ಮಗು ತನ್ನ ಇನ್ಸುಲಿನ್ ತಾನೇ ಜಾಸ್ತಿ ಮಾಡಿಕೊಂಡು ದಪ್ಪ ಆಗುತ್ತದೆ, ಹುಟ್ಟಿದ ತಕ್ಷಣ ಅದರ ಶುಗರ್ ಒಮ್ಮೆಲೇ ಇಳಿಯಬಹುದು. ಅದಕ್ಕೇ ಹುಟ್ಟಿದ ಮೇಲೆ ಹಿಮ್ಮಡಿ ಚುಚ್ಚಿ ನೋಡುತ್ತೇವೆ, ಒಂದು ಗಂಟೆಯೊಳಗೆ ಎದೆಹಾಲು ಕೊಡಿಸುತ್ತೇವೆ. ಮಗುವಿಗೆ ಸಕ್ಕರೆ ಕಾಯಿಲೆ ಅಂಟಿತು ಅನ್ನುವುದು ತಪ್ಪು. ಇನ್ನೂ ಹತ್ತು ಹನ್ನೆರಡು ವಾರ ಇದೆ. ಈಗಿನಿಂದ ಹತೋಟಿಯಲ್ಲಿ ಇಟ್ಟರೆ ಇದೆಲ್ಲ ಆಗುವ ಸಾಧ್ಯತೆ ಬಹಳ ಕಡಿಮೆ ಆಗುತ್ತದೆ.

ಮುದ್ದೆ ವಿಷಯ. ರಾಗಿ ಒಳ್ಳೆಯದೇ, ಆದರೆ ಅದೂ ಹಿಟ್ಟೇ ತಾನೇ. ಎರಡು ಮುದ್ದೆ ಜಾಸ್ತಿ ಆಯಿತು. ಒಂದು ಸಣ್ಣ ಮುದ್ದೆ, ಹುರುಳಿಕಾಳು ಸಾರು ಅಥವಾ ಸೊಪ್ಪಿನ ಸಾರು ಗಟ್ಟಿಯಾಗಿ ಎರಡು ಸೌಟು, ತಿನ್ನುವವರಾದರೆ ಮೊಟ್ಟೆ, ಮೇಲೆ ಮಜ್ಜಿಗೆ. ಮೂರು ಊಟ, ನಡುವೆ ಮೂರು ಸಲ ಸ್ವಲ್ಪ ಸ್ವಲ್ಪ. ಹುರಿಗಡಲೆ, ಕಡಲೆಬೀಜ, ಮೊಳಕೆ ಹೆಸರುಕಾಳು, ಸೀಬೆಕಾಯಿ. ರಾಗಿ ಗಂಜಿ ತೆಳ್ಳಗೆ ಕುಡಿದರೆ ಮುದ್ದೆಗಿಂತ ಬೇಗ ಏರುತ್ತದೆ. ಕೊಬ್ಬರಿಯಿಂದ ಶುಗರ್ ಅಷ್ಟು ಏರುವುದಿಲ್ಲ, ಉಂಡೆಯ ಬೆಲ್ಲದಿಂದ ಏರುತ್ತದೆ. ಬೆಲ್ಲ ಆರೋಗ್ಯಕ್ಕೆ ಒಳ್ಳೆಯದು ಅಂತ ನಮ್ಮ ಕಡೆ ಎಲ್ಲರೂ ನಂಬಿದ್ದಾರೆ. ಶುಗರ್ ಇರುವವರಿಗೆ ಬೆಲ್ಲವೂ ಸಕ್ಕರೆಯೇ.

ಮಾತ್ರೆಯೋ ಇನ್ಸುಲಿನ್ನೋ ಬೇಕು ಅಂತ ಡಾಕ್ಟರ್ ಹೇಳಿದರೆ ಅದನ್ನು ಸೋಲು ಅಂದುಕೊಳ್ಳಬೇಡಿ. ಇನ್ಸುಲಿನ್ ತೆಗೆದುಕೊಳ್ಳುವಾಗ ಬೆವರಿ, ಕೈ ನಡುಗಿ, ಕಣ್ಣು ಕತ್ತಲೆ ಬಂದರೆ ಮೂರು ಚಮಚ ಗ್ಲೂಕೋಸ್ ಅಥವಾ ಸಕ್ಕರೆ ನೀರಿಗೆ ಹಾಕಿ ತಕ್ಷಣ ಕುಡಿಯಬೇಕು. ಈ ಕಾರಣಕ್ಕಾದರೂ ಮನೆಯಲ್ಲಿ ಒಬ್ಬರಿಗೆ ಗೊತ್ತಿರಲೇಬೇಕು. ರಾತ್ರಿ ನಿಮ್ಮ ಜೊತೆ ಇರುವವರು ನಿಮ್ಮ ಅತ್ತೆ, ಯಜಮಾನರಲ್ಲ.

ಚೆನ್ನೈನ ಡಾಕ್ಟರ್ ವಿ. ಶೇಷಯ್ಯ ಅವರು ಬಸುರಿಯರ ಶುಗರ್‌ಗಾಗಿಯೇ ದುಡಿದವರು. ಅವರ ಹುಟ್ಟಿದ ದಿನ ಮಾರ್ಚ್ 10ನ್ನೇ ನಮ್ಮ ದೇಶದಲ್ಲಿ ಇದರ ಅರಿವಿನ ದಿನ ಅಂತ ಆಚರಿಸುತ್ತಾರೆ. ಊಟ ಆಗಿದ್ದರೂ ಪರವಾಗಿಲ್ಲ, 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ಒಂದೇ ಸಲ ರಕ್ತ ನೋಡಿ, 140 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಶುಗರ್ ಅಂತ ತಿಳಿಯಿರಿ ಅನ್ನುವ ಸುಲಭದ ಪರೀಕ್ಷೆಯನ್ನು ನಮ್ಮಲ್ಲಿ ಬಳಕೆಗೆ ತಂದವರಲ್ಲಿ ಅವರು ಮುಖ್ಯರು. ನಮ್ಮ ಕಾಡಂಚಿನ ಊರುಗಳಿಂದ ಬೆಳಗ್ಗೆ ಆರಕ್ಕೆ ಬಸ್ ಹತ್ತುವ ಹೆಣ್ಣುಮಕ್ಕಳನ್ನು ಖಾಲಿ ಹೊಟ್ಟೆಯಲ್ಲಿ ಬನ್ನಿ ಅಂತ ಹೇಗೆ ಹೇಳುವುದು? ಆ ಪರೀಕ್ಷೆ ಇರುವುದರಿಂದಲೇ ನಾವು ಎಷ್ಟೋ ಜನರನ್ನು ಹೊತ್ತಿಗೆ ಸರಿಯಾಗಿ ಹಿಡಿಯುತ್ತೇವೆ. ನಿಮ್ಮನ್ನೂ ಹಾಗೇ ಹಿಡಿದಿದ್ದಾರೆ. ತಡ ಆಗಿಲ್ಲ.

ಉತ್ತರ 3: ಹಾಸನದ ಅಜ್ಜಿ

ಮೊಬೈಲಿನಲ್ಲಿ ಮಾತಾಡಿದರೆ ಅಕ್ಷರ ಆಗುತ್ತದಲ್ಲ, ಹಾಗೆ ಬರೆಯುತ್ತಿದ್ದೇನೆ. ತಪ್ಪಿದ್ದರೆ ಸರಿ ಮಾಡಿಕೊಂಡು ಓದು ಮಗಳೇ. ನಾನು ಅತ್ತೆ. ಅದಕ್ಕೇ ಬರೆಯಬೇಕು ಅನಿಸಿತು.

ನನ್ನ ಸೊಸೆಯೂ ನಿನ್ನ ಹಾಗೇ ಮುಚ್ಚಿಟ್ಟಿದ್ದಳು. ಅವಲಕ್ಕಿ ಡಬ್ಬದ ಹಿಂದೆ ಆ ಚುಚ್ಚುವ ಮಿಷನ್ನು, ಪಟ್ಟಿಗಳ ಡಬ್ಬಿ ಸಿಕ್ಕಿತು. ನನಗೆ ಶುಗರ್ ಅಂತ ಬೇಜಾರಾಗಲಿಲ್ಲ. ನನಗೆ ಹೆದರಿ ಮುಚ್ಚಿಟ್ಟಳಲ್ಲ, ಅದು ನೋವಾಯಿತು. ಎರಡು ತಿಂಗಳು ನಾನು ತುಪ್ಪ ಬೆಲ್ಲ ಅಂತ ಬಡಿಸಿದ್ದೇನೆ. ನಾನೇ ವಿಷ ಇಕ್ಕಿದ ಹಾಗಾಯಿತಲ್ಲ ಅಂತ ಆವತ್ತು ನಾನು ಉಣ್ಣಲಿಲ್ಲ.

ಅವಳನ್ನು ಕೂರಿಸಿಕೊಂಡು ನನ್ನ ಕತೆ ಹೇಳಿದೆ. ನಿನಗೂ ಹೇಳುತ್ತೇನೆ. ಹೆದರಿಸಲು ಅಲ್ಲ. ನನಗೆ ಮೊದಲ ಗಂಡು ಮಗು 1988ರಲ್ಲಿ. ನಾಲ್ಕೂವರೆ ಕೆಜಿ. ಎಲ್ಲರೂ ಬಸುರಿ ಚೆನ್ನಾಗಿ ಉಂಡಿದ್ದಾಳೆ ಅಂದರು. ಹೆರಿಗೆಯಲ್ಲಿ ಭುಜ ಸಿಕ್ಕಿಕೊಂಡಿತು. ಮಗು ಎರಡನೇ ದಿನ ಹೋಯಿತು. ದೃಷ್ಟಿ ತಾಕಿತು ಅಂದರು, ಗ್ರಹಣದ ದಿನ ಹೊರಗೆ ಬಂದಿದ್ದಳು ಅಂದರು. ನಾನು ಬಂದಿರಲಿಲ್ಲ ಕಣಮ್ಮ. ನಲವತ್ತೊಂದನೇ ವರ್ಷಕ್ಕೆ ಕಾಲಿನ ಗಾಯ ಮಾಯಲಿಲ್ಲ ಅಂತ ತೋರಿಸಿದಾಗ ಶುಗರ್ ಇದೆ ಅಂತಾಯಿತು. ಆ ಡಾಕ್ಟರ್ ಹೆರಿಗೆ ಬಗ್ಗೆ ಎಲ್ಲ ಕೇಳಿ, ಬಸಿರಲ್ಲೇ ನಿಮಗೆ ಶುಗರ್ ಬಂದಿದ್ದಿರಬಹುದು, ಆಗ ಯಾರೂ ನೋಡಿಲ್ಲ ಅಂದರು. ಇಪ್ಪತ್ತು ವರ್ಷ ಆದ ಮೇಲೆ ಮೊದಲ ಸಲ ನಾನು ಆ ಮಗುವಿಗಾಗಿ ಅಳುವಾಗ ನನ್ನನ್ನು ಬೈದುಕೊಳ್ಳದೆ ಅತ್ತೆ.

ನಿಮ್ಮ ಅತ್ತೆಗೂ ಇಂಥದ್ದು ಏನಾದರೂ ಇರುತ್ತದೆ ಮಗಳೇ. ಹಳೇ ಕಾಲದಲ್ಲಿ ಯಾರ ವಂಶದಲ್ಲಿ ಏನಿತ್ತು ಅಂತ ಯಾರು ಅಳೆದು ನೋಡಿದ್ದರು? ಕೊಬ್ಬರಿ ತುರಿದು ಉಂಡೆ ಕಟ್ಟುವವಳು ನಿನ್ನ ಮೇಲೆ ಪ್ರೀತಿ ಇಲ್ಲದೆ ಕಟ್ಟುತ್ತಾಳಾ? ಹೇಳು. ಅಡಿಗೆ ಮನೆಯಲ್ಲಿ, ಇಬ್ಬರೇ ಇರುವಾಗ. ಮುಂದಿನ ಚೆಕಪ್ಪಿಗೆ ಅವರನ್ನೂ ಕರೆದುಕೊಂಡು ಹೋಗು. ಡಾಕ್ಟರ್ ಬಾಯಿಂದ ಕೇಳಿದರೆ ಬೇರೆ.

ಉತ್ತರ 4: ಅಮ್ಮು ಅಮ್ಮ

ನಾನು ಒಂದೇ ವಿಷಯ ಹೇಳಿ ಹೋಗುತ್ತೇನೆ. ಹೆರಿಗೆ ಆದ ಆರು ವಾರಕ್ಕೆ ಮತ್ತೆ ಅದೇ ಗ್ಲೂಕೋಸ್ ಪರೀಕ್ಷೆ ಮಾಡಿಸಬೇಕು. ನಾನು ಮಾಡಿಸಲಿಲ್ಲ. ಬಾಣಂತನಕ್ಕೆ ತವರಿಗೆ ಹೋದೆ, ಮಗು ನಿದ್ದೆ ಬಿಡುತ್ತಿರಲಿಲ್ಲ, ಶುಗರ್ ಹೋಯಿತು ಅಂತ ಎಲ್ಲರೂ ಅಂದರು, ಅಮ್ಮ ಅಂಟಿನ ಉಂಡೆ ಕೊಟ್ಟರು, ತಿಂದೆ. ಅಮ್ಮುಗೆ ಮೂರು ವರ್ಷ ಆದಾಗ ಸುಮ್ನೆ ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಗೊತ್ತಾಯಿತು. ಈಗ ದಿನಾ ಮಾತ್ರೆ. ಬಸಿರಲ್ಲಿ ಬಂದವರಿಗೆ ಮುಂದೆ ಬರುವ ಸಾಧ್ಯತೆ ಬೇರೆಯವರಿಗಿಂತ ಬಹಳ ಜಾಸ್ತಿ. ವರ್ಷಕ್ಕೊಮ್ಮೆ ನೋಡಿಸಿಕೊಳ್ಳಿ. ತಾಯಿ ಕಾರ್ಡ್ ಮೇಲೆ ಈಗಲೇ ಆ ದಿನಾಂಕ ಬರೆಸಿಕೊಳ್ಳಿ, ಆಮೇಲೆ ನೆನಪಿರುವುದಿಲ್ಲ.

ಮತ್ತೆ ಬರೆದವರು: ತೆಂಗಿನಗರಿ (18 ದಿನದ ನಂತರ)

ಎಲ್ಲರಿಗೂ ನಮಸ್ಕಾರ. ಆವತ್ತು ನಿಮ್ಮ ಉತ್ತರ ಓದುತ್ತಾ ಓದುತ್ತಾ ಫೋನ್ ಚಾರ್ಜ್ ಮುಗಿಯಿತು. ಹಾಸನದ ಅಜ್ಜಿ, ನೀವು ಬರೆದದ್ದನ್ನು ನಾಲ್ಕು ಸಲ ಓದಿದೆ.

ನಾನು ಹೇಳುವ ಮೊದಲೇ ಅತ್ತೆಗೆ ಗೊತ್ತಾಯಿತು. ಬುಧವಾರ ರಾತ್ರಿ ಕೊಟ್ಟಿಗೆಗೆ ಹೋದರೆ ಅತ್ತೆ ಅಲ್ಲೇ ನಿಂತಿದ್ದರು. "ನಾಕೈದು ದಿನದಿಂದ ಹಸು ರಾತ್ರಿ ಹೊತ್ತು ಬಾಗಿಲ ಕಡೆಗೇ ನೋಡ್ತಾ ನಿಲ್ಲುತ್ತೆ. ಯಾಕೆ ಅಂತ ನೋಡೋಣ ಅಂತ ಬಂದೆ" ಅಂದರು. ನನ್ನ ಕೈಯಲ್ಲಿ ಕಾಗದದ ಪೊಟ್ಟಣ ಇತ್ತು. ನನಗೆ ಮಾತು ಬರಲಿಲ್ಲ, ಅತ್ತುಬಿಟ್ಟೆ. ಆಮೇಲೆ ಎಲ್ಲಾ ಹೇಳಿದೆ. ಅಪ್ಪನ ವಿಷಯವನ್ನೂ ಹೇಳಿದೆ. ಅಜ್ಜಿ, ನಿಮ್ಮ ಉತ್ತರವನ್ನು ಓದಿ ಹೇಳಿದೆ. ಅವರು ಏನೂ ಮಾತಾಡದೆ ಒಳಗೆ ಹೋದರು. ಆ ರಾತ್ರಿ ನನಗೆ ತುಂಬಾ ಕಷ್ಟ ಆಯಿತು.

ಬೆಳಗ್ಗೆ ಅವರೇ ಬಂದು, "ಎಷ್ಟು ಗಂಟೆಗೆ ಡಾಕ್ಟರ್ ಸಿಕ್ತಾರೆ?" ಅಂದರು. ಹೋದೆವು. ಈ ಸಲ ನೋಟ್‌ಬುಕ್ ತೋರಿಸಿದ್ದಕ್ಕೋ, ಅತ್ತೆ ಪಕ್ಕದಲ್ಲಿ ಕೂತು ಒಂದೊಂದೇ ಕೇಳಿದ್ದಕ್ಕೋ, ಡಾಕ್ಟರ್ ನಿಧಾನವಾಗಿ ಹೇಳಿದರು. ಸ್ಕ್ಯಾನ್‌ನಲ್ಲಿ ಮಗುವಿನ ತೂಕ ವಾರಕ್ಕೆ ತಕ್ಕ ಹಾಗೆ ಇದೆಯಂತೆ. ಸಿಸ್ಟರ್, ತೂಕದ ವಿಷಯಕ್ಕೆ ನೀವು ಹೇಳಿದ ಹಾಗೇ ಬೈಸಿಕೊಂಡೆ. ಈಗ ಒಂದು ಮುದ್ದೆ, ಹುರುಳಿ ಸಾರು, ಸೊಪ್ಪು. ಮಧ್ಯಾಹ್ನ 114, 119, ಒಂದು ದಿನ 127. ಆ 127ರ ದಿನ ಮೊದಲಿನ ಹಾಗೆ ಅಳು ಬರಲಿಲ್ಲ, ಎಡಗಡೆ ಏನು ಬರೆದಿದ್ದೇನೆ ಅಂತ ನೋಡಿದೆ. ಬೆಳಗ್ಗೆ ಎರಡು ದೊಡ್ಡ ಬಾಳೆಹಣ್ಣು ತಿಂದಿದ್ದೆ, ಮಧ್ಯಾಹ್ನ ಅನ್ನ. ರಾತ್ರಿ ಊಟ ಆದ ಮೇಲೆ ಅತ್ತೆ ಮತ್ತು ನಾನು ಬ್ಯಾಟರಿ ಹಿಡಿದುಕೊಂಡು ತೋಟದ ಗೇಟಿನ ತನಕ ಹೋಗಿ ಬರುತ್ತೇವೆ. ಉಂಡೆ ಈಗಲೂ ಇದೆ, ಬೆಲ್ಲ ಇಲ್ಲ. ಹುರಿದ ಎಳ್ಳು, ಕಡಲೆಬೀಜ, ಕೊಬ್ಬರಿ ಕುಟ್ಟಿ ಪುಡಿ ಮಾಡಿದ್ದಾರೆ. ಉಂಡೆ ಕಟ್ಟಲು ಬರುವುದಿಲ್ಲ, ಚಮಚದಲ್ಲಿ ಕೊಡುತ್ತಾರೆ.

ಸೀಮಂತ ಮೊನ್ನೆ ಆಯಿತು. ಹಸಿರು ಬಳೆ ಕೈತುಂಬಾ. ಒಬ್ಬಟ್ಟು ಒಂದು ಚೂರು ತಿಂದೆ, ಶಾಸ್ತ್ರಕ್ಕೆ. ಉಳಿದವರು ಬಾಯಿಗೆ ಇಡಲು ಬಂದಾಗ ಅತ್ತೆ ತಟ್ಟೆಯಲ್ಲಿ ಕೋಸಂಬರಿ ಇಟ್ಟುಕೊಂಡು ಪಕ್ಕದಲ್ಲೇ ನಿಂತಿದ್ದರು. ಸೋದರತ್ತೆ ಕೇಳಿಯೇ ಕೇಳಿದರು, "ಇವರಪ್ಪನಿಗೂ ಇದೆಯಂತಲ್ಲ" ಅಂತ. ಅಪ್ಪ ಅಲ್ಲೇ ಕಂಬದ ಹತ್ತಿರ ಕೂತಿದ್ದರು. ಅತ್ತೆ, "ನಮ್ಮ ದೊಡ್ಡಕ್ಕನಿಗೂ ಇತ್ತು. ಬಾ, ಎಲೆ ಹಾಕೋಣ" ಅಂದರು. ನನಗೆ ಅವರ ದೊಡ್ಡಕ್ಕನ ವಿಷಯ ಆವತ್ತಿನವರೆಗೆ ಗೊತ್ತೇ ಇರಲಿಲ್ಲ. ಆದರೂ ಅಪ್ಪ ಸರಿಯಾಗಿ ಊಟ ಮಾಡಲಿಲ್ಲ. ಅದು ಇನ್ನೂ ಮನಸ್ಸಲ್ಲಿ ಚುಚ್ಚುತ್ತಿದೆ.

ಹಾವೇರಿ ಅಕ್ಕ, ನಿಮ್ಮ ಹಾಗೇ ಆಯಿತು ನೋಡಿ. ಊಟ ಆದ ಮೇಲಿನದು ಇಳಿದಿದೆ, ಬೆಳಗ್ಗೆ ಖಾಲಿ ಹೊಟ್ಟೆಯದು ಇಳಿದಿಲ್ಲ. ಈ ವಾರ 101, 104, 99. ನಾಳೆ ರಾತ್ರಿಯಿಂದ ಇನ್ಸುಲಿನ್, ನಾಲ್ಕು ಯೂನಿಟ್. ಸೀಸೆ ಮೇಲೆ 40 ಅಂತಿದೆ. ಅಂಗಡಿಯಲ್ಲಿ ಅತ್ತೆಯೇ ಕನ್ನಡಕ ಹಾಕಿಕೊಂಡು ಓದಿ, ಕೆಂಪು ಮುಚ್ಚಳದ್ದೇ ಕೊಡಿ ಅಂತ ಕೇಳಿ ತಂದರು. ತೊಡೆಗೆ ಹಾಕಿಕೊಂಡಿರಾ, ಹೊಟ್ಟೆಗಾ? ಹೊಟ್ಟೆಗೆ ಅಂದರೆ ಮಗುವಿಗೆ ತಾಗುತ್ತದೇನೋ ಅಂತ ಭಯ ಆಗುತ್ತದೆ. ನಾಳೆ ಸಂಜೆಯೊಳಗೆ ಯಾರಾದರೂ ಹೇಳಿ.

ಉತ್ತರ: ಪಿಎಚ್‌ಸಿ ಸಿಸ್ಟರ್

ಎರಡೂ ಕಡೆ ಹಾಕಬಹುದು. ಸೂಜಿ ಚರ್ಮದ ಕೆಳಗಿನ ಕೊಬ್ಬಿನ ತನಕ ಮಾತ್ರ ಹೋಗುತ್ತದೆ, ಮಗು ಇರುವುದು ಅದಕ್ಕಿಂತ ಬಹಳ ಒಳಗೆ. ಭಯ ಇದ್ದರೆ ತೊಡೆಯ ಮುಂಭಾಗದಲ್ಲಿ, ಸ್ವಲ್ಪ ಹೊರಮಗ್ಗುಲಿಗೆ ಹಾಕಿಕೊಳ್ಳಿ. ಇವತ್ತು ಎಡ, ನಾಳೆ ಬಲ. ಮೊದಲ ದಿನ ಆಸ್ಪತ್ರೆಯ ಸಿಸ್ಟರ್ ಎದುರಿಗೇ ಹಾಕಿ ನೋಡಿ, ಅತ್ತೆಗೂ ಕಲಿಸಿಕೊಡಲು ಹೇಳಿ.